ಕೆಮಿಸ್ಟ್ರಿಗೆ ಅಪ್ಪ ಹಾಕಿದ ಎಸ್ಟಿಮೇಟು

ನಮ್ಮಪ್ಪ ರಸ್ತೆ, ಮೋರಿ ಕಟ್ಟಿಸುವ ಇಲಾಖೆಯಲ್ಲಿ ಓವರ್ಸಿಯರು. ಕೆಲಸ ಕುಣಿಗಲ್ ಕಡೆ, ಮನೆ ತುಮಕೂರಿನಲ್ಲಿ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಶನಿವಾರ ಸಂಜೆ ತಲೆಗೂದಲಲ್ಲೆಲ್ಲ ಕೆಂಪು ಧೂಳು ಹೊತ್ತುಕೊಂಡು ಇಳಿಯುತ್ತಿದ್ದರು. ಕಟ್ಟಿಸುವುದು ಹೊಟ್ಟೆಪಾಡು, ಅವರಿಗೆ ನಿಜವಾದ ಪ್ರೀತಿ ಇದ್ದದ್ದು ಕಟ್ಟುವುದಕ್ಕೆ ಮುಂಚೆ ಹಾಕುವ ಎಸ್ಟಿಮೇಟಿನ ಮೇಲೆ. ಮದುವೆ ಮನೆಗೆ ಹೋದರೆ ಚಪ್ಪರದ ಉದ್ದಗಲ ಹೆಜ್ಜೆಯಲ್ಲಿ ಅಳೆದು ಇಷ್ಟು ಎಲೆ ಬೀಳುತ್ತವೆ ಅಂತ ಹೇಳಿಬಿಡುವರು. ಹೆಣ್ಣಿನ ಕಡೆಯವರು ಆ ಲೆಕ್ಕ ನಂಬಿ ಅಕ್ಕಿ ಹಾಕಿಸಿದರೆ ಅಪ್ಪನಿಗೆ ಊಟಕ್ಕಿಂತ ಅದೇ ರುಚಿ. ಹಿಂದೆ ಸಿ.ಎಸ್. ಪುರದ ದಾರಿಯಲ್ಲಿ ಅವರು ಕಟ್ಟಿಸಿದ ಒಂದು ಮೋರಿಗೆ ಹೇಳಿದ್ದಕ್ಕಿಂತ ಒಂದು ಗಾಡಿ ಕಲ್ಲು ಹೆಚ್ಚೂ ಹಿಡಿಯಲಿಲ್ಲ, ಕಡಿಮೆಯೂ ಆಗಲಿಲ್ಲ ಅನ್ನುವುದನ್ನು ನಾವು ವರ್ಷಕ್ಕೆ ನಾಲ್ಕು ಸಲವಾದರೂ ಕೇಳಬೇಕಾಗಿತ್ತು.

ಇಷ್ಟೆಲ್ಲ ಇದ್ದ ಅಪ್ಪನಿಗೆ ಒಂದು ಕೊರತೆ. ಉದ್ದನೆಯ ಸಾಲು ಅಂಕಿಗಳನ್ನು ಕೂಡುವಾಗ ನಡುವೆ ಯಾರಾದರೂ ಕೆಮ್ಮಿದರೂ ದಶಕ ಮರೆತುಹೋಗುತ್ತಿತ್ತು. ಅದಕ್ಕೆ ಭಾನುವಾರಗಳಲ್ಲಿ ಅವರು ಎಸ್ಟಿಮೇಟು ಹರಡಿಕೊಂಡು ಅಂಕಿ ಓದುವುದು, ಅಮ್ಮ ಅಕ್ಕಿ ಆರಿಸುತ್ತಲೋ ಹುರುಳಿಕಾಯಿ ಮುರಿಯುತ್ತಲೋ ಬಾಯಲ್ಲೇ ಮೊತ್ತ ಹೇಳುವುದು ನಮ್ಮ ಮನೆಯ ಪದ್ಧತಿ. ಅಮ್ಮ ಗುಬ್ಬಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೇ ಓದು ನಿಲ್ಲಿಸಿದವಳು. ಆದರೆ ಅವಳು ಹೇಳಿದ ಮೊತ್ತವನ್ನು ಅಪ್ಪ ಇನ್ನೊಮ್ಮೆ ನೋಡುತ್ತಿರಲಿಲ್ಲ, ಮೇಲಿನ ಸಾಹೇಬರು ನೋಡಿದರೂ ಒಂದು ದಿನ ತಪ್ಪು ಹಿಡಿದಿರಲಿಲ್ಲ.

ಇಂಥ ಅಪ್ಪನ ಮಗಳು ನಾನು ಅರವತ್ತರ ದಶಕದ ಶುರುವಿನಲ್ಲಿ ತುಮಕೂರಿನ ಕಾಲೇಜಿಗೆ ಪಿ.ಯು.ಸಿ. ಸೇರಿದೆ. ಆಗ ಪಿ.ಯು.ಸಿ. ಒಂದೇ ವರ್ಷ. ಕ್ಲಾಸಿನಲ್ಲಿ ಹುಡುಗಿಯರು ಅಂತ ನಾವು ಐದು ಜನ, ಮುಂದಿನ ಬೆಂಚಿನಲ್ಲಿ ಒತ್ತೊತ್ತಾಗಿ. ಮಿಕ್ಕ ಪಾಠಗಳಲ್ಲಿ ನಾನು ಆಕಳಿಸಿದ್ದು ನಿಜ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾತ್ರ ನನಗೆ ಕಣ್ಣು ಮಿಟುಕಿಸುವುದಕ್ಕೂ ಮನಸ್ಸಾಗುತ್ತಿರಲಿಲ್ಲ. ಬ್ಯುರೆಟ್ಟಿನ ಗಾಜಿನ ಕೊಳವೆಯ ತಿರುಪು ಹಿಡಿದುಕೊಂಡು ಹನಿ ಹನಿಯಾಗಿ ಬಿಡುತ್ತಾ ಇದ್ದರೆ ಅಷ್ಟು ಹೊತ್ತೂ ನೀರಿನ ಹಾಗೆ ಇದ್ದದ್ದು ಒಂದೇ ಒಂದು ಹನಿಗೆ ಗುಲಾಬಿ ಬಣ್ಣಕ್ಕೆ ತಿರುಗಿಬಿಡುತ್ತದಲ್ಲ, ಅದನ್ನು ಸಾವಿರ ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಬಿ.ಎಸ್ಸಿ. ಓದಿ ಜೀವನವೆಲ್ಲ ಅದನ್ನೇ ನೋಡುತ್ತಾ ಇರಬೇಕು ಅಂತ ಆಸೆ. ಅದನ್ನು ಮನೆಯಲ್ಲಿ ಹೇಳಿದಾಗ ಅಪ್ಪ, "ಬಣ್ಣ ನೋಡೋಕೆ ಮೂರು ವರ್ಷ ಓದ್ಬೇಕಾ? ಸೀರೆ ಅಂಗಡೀಲಿ ನೋಡಿದ್ರಾಗಲ್ವಾ?" ಅಂದರು. ಅವರ ತಮಾಷೆಗೆ ಅವರೊಬ್ಬರೇ ನಕ್ಕರು.

ಆ ವರ್ಷ ಸಂಕ್ರಾಂತಿ ಕಳೆಯುತ್ತಲೇ ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು. ದೊಡ್ಡ ಕೆರೆಯ ಹಿಂದೆ ಗದ್ದೆ, ಸ್ವಂತ ಮನೆ, ಹುಡುಗನಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ. ಅಪ್ಪ ಅವರ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಗೋಡೆಯ ದಪ್ಪ ನೋಡಿ, ಒಳ್ಳೆ ಜನ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಹುಡುಗನ ಬಗ್ಗೆ ನನ್ನ ಹತ್ತಿರವೂ ದೂರು ಹೇಳುವಂಥದ್ದೇನೂ ಇರಲಿಲ್ಲ, ನಾನು ಅವನನ್ನು ನೋಡಿಯೇ ಇರಲಿಲ್ಲ. ಸಂಕಟ ಏನೆಂದರೆ ಅವರಿಗೆ ವೈಶಾಖದಲ್ಲೇ ಮದುವೆ ಆಗಬೇಕಿತ್ತು. ಪರೀಕ್ಷೆ ಮುಗಿಯುವುದು ಏಪ್ರಿಲ್ ಮೊದಲಿಗೆ, ರಿಸಲ್ಟು ಬರುವುದು ಜೂನಿನಲ್ಲಿ. ಏಪ್ರಿಲ್ ನಡುವಿಗೆಲ್ಲ ಅವರಿಗೆ ಹೂಂ ಅಥವಾ ಉಹೂಂ ಅಂತ ಕಾಗದ ಹಾಕಬೇಕು.

ನಾನು ಎರಡು ದಿನ ಊಟ ಬಿಟ್ಟೆ. ಊಟ ಬಿಟ್ಟೆ ಅಂದರೆ ಅಪ್ಪ ನೋಡುವಾಗ ಬಿಟ್ಟೆ. ಅಮ್ಮ ಅಡುಗೆಮನೆಯಲ್ಲಿ ಮೊಸರನ್ನ ಕಲಸಿ ಇಟ್ಟಿರುತ್ತಿದ್ದಳು. ಎರಡನೇ ದಿನ ಅಪ್ಪ ಸೋತು ಒಂದು ಕರಾರು ಹಾಕಿದರು.

"ಕೆಮಿಸ್ಟ್ರಿ ಓದ್ತೀನಿ ಅಂತೀಯಲ್ಲ, ಆ ಕೆಮಿಸ್ಟ್ರೀಲಿ ನೂರಕ್ಕೆ ಅರವತ್ತು ತಗೋ. ಬಿ.ಎಸ್ಸಿ.ಗೆ ಕಳಿಸ್ತೀನಿ. ಐವತ್ತೊಂಬತ್ತು ಬಂದ್ರೂ ಕುಣಿಗಲ್ಲೇ."

"ರಿಸಲ್ಟು ಬರೋದು ಜೂನ್‌ಗಲ್ವಾ ಅಪ್ಪ, ಅಷ್ಟೊತ್ತಿಗೆ ನನ್ನ ಮದ್ವೆ ಮುಗಿದಿರುತ್ತೆ."

"ರಿಸಲ್ಟ್ ಯಾವನಿಗೆ ಬೇಕು? ಪರೀಕ್ಷೆ ಮುಗೀಲಿ, ನಾನು ಎಸ್ಟಿಮೇಟ್ ಹಾಕ್ತೀನಿ."

ಹೀಗೆ ನನ್ನ ಹಣೆಬರಹ ಒಂದು ಮೋರಿಯ ದರ್ಜೆಗೆ ಇಳಿಯಿತು. ನಗಬೇಡಿ, ಅಪ್ಪನ ಎಸ್ಟಿಮೇಟಿಗೆ ಆ ಯೋಗ್ಯತೆ ಇತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ನನ್ನ ಲೆಕ್ಕದ ಪೇಪರಿಗೆ ಅವರು ಹೇಳಿದ್ದಕ್ಕೂ ಬಂದದ್ದಕ್ಕೂ ಎರಡೇ ಮಾರ್ಕು ವ್ಯತ್ಯಾಸ ಇತ್ತು.

ಪರೀಕ್ಷೆ ಬಂತು. ಪೇಪರು ಮುಗಿಸಿ ಕಾಲೇಜಿನ ಬೇವಿನ ಮರದ ಕೆಳಗೆ ಸೇರಿದಾಗ ಪ್ರತಿ ವರ್ಷ ಆಗುವ ನಾಟಕವೇ ಆಯಿತು. ಹುಡುಗರೆಲ್ಲ ಎಂಬತ್ತಕ್ಕೆ ಕಡಿಮೆ ಮಾತಾಡಲಿಲ್ಲ. ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬನಂತೂ ತೊಂಬತ್ತಕ್ಕೆ ಹತ್ತಿ ಕೂತ. ಅವನು ಆಮೇಲೆ ಸೆಪ್ಟೆಂಬರಿನ ಮರುಪರೀಕ್ಷೆಯಲ್ಲೂ ಅದೇ ಮರದ ಕೆಳಗೆ ನಿಂತಿದ್ದನ್ನು ನೋಡಿದೆ. ಹುಡುಗಿಯರದು ತಿರುವುಮುರುವು. ನಮ್ಮ ಬೆಂಚಿನಲ್ಲಿ ಎಲ್ಲರಿಗಿಂತ ಬುದ್ಧಿವಂತೆ, ಬೆಳ್ಳಾವಿ ಕಡೆಯವಳು, ಸೆರಗು ಬಾಯಿಗಿಟ್ಟುಕೊಂಡು "ಫೇಲಾಗೋಗ್ತೀನಿ ಕಣೇ, ಗ್ಯಾರಂಟಿ" ಅಂತ ಅತ್ತಳು. ಅವಳನ್ನು ಸಮಾಧಾನ ಮಾಡಿ ಮಾಡಿ ನಮಗೆಲ್ಲ ಸುಸ್ತು. ಅವಳಿಗೆ ಕೊನೆಗೆ ಎಪ್ಪತ್ತೆಂಟು ಬಂತು. ಆ ಅಳುವಿಗೆ ನಾನು ಇವತ್ತಿಗೂ ಅವಳನ್ನು ಕ್ಷಮಿಸಿಲ್ಲ.

ನನ್ನದು? ನನ್ನದು ಅತ್ತಲೂ ಅಲ್ಲ ಇತ್ತಲೂ ಅಲ್ಲದ ಪೇಪರು. ಗಂಧಕಾಮ್ಲ ತಯಾರಿಸುವ ಬಗೆ ಚಿತ್ರಸಮೇತ ಬರೆದಿದ್ದೆ. ಅನಿಲಗಳ ಲೆಕ್ಕ ಅರ್ಧಕ್ಕೆ ಕೈಕೊಟ್ಟಿತ್ತು. ಪ್ರಾಕ್ಟಿಕಲ್ಲಿನಲ್ಲಿ ಟೈಟ್ರೇಶನ್, ಅದೇ ಆ ಗುಲಾಬಿ ಬಣ್ಣದ ಪ್ರಯೋಗ, ಚೆನ್ನಾಗಿ ಬಂದಿತ್ತು, ಆದರೆ ಸಾಲ್ಟು, ಅಂದರೆ ಒಂದು ಚಿಟಿಕೆ ಉಪ್ಪು ಕೊಟ್ಟು ಇದು ಯಾವ ಉಪ್ಪು ಕಂಡುಹಿಡಿ ಅನ್ನುತ್ತಾರಲ್ಲ, ಅಲ್ಲಿ ಎಡವಿದ್ದೆ. ಅಮೋನಿಯದ ವಾಸನೆ ಮೂಗಿಗೆ ಹೊಡೆದದ್ದೇ ತಡ, ಆ ಉಪ್ಪಿಗೆ ಮಾಡಬೇಕಾದ ಮಿಕ್ಕ ಪರೀಕ್ಷೆಗಳನ್ನು ಅವಸರದಲ್ಲಿ ಮುಗಿಸಿ ಅಮೋನಿಯಂ ಕ್ಲೋರೈಡು ಅಂತ ಬರೆದು ಬಂದೆ. ಹೊರಗೆ ಬಂದು ವಿಚಾರಿಸಿದರೆ ಅದೇ ಉಪ್ಪು ಸಿಕ್ಕ ಇನ್ನಿಬ್ಬರು ಅಮೋನಿಯಂ ಸಲ್ಫೇಟು ಅಂತ ಬರೆದಿದ್ದರು.

ಅಪ್ಪ ಎಸ್ಟಿಮೇಟಿಗೆ ಗೊತ್ತು ಮಾಡಿದ್ದು ಪರೀಕ್ಷೆ ಮುಗಿದ ಮೇಲಿನ ಎರಡನೇ ಭಾನುವಾರ. ಗುಬ್ಬಿಯಿಂದ ನನ್ನ ಸೋದರಮಾವನಿಗೆ ಬುಲಾವ್ ಹೋಯಿತು. ಮಾವ ಅಮ್ಮನಿಗೆ ತಮ್ಮ, ಗುಬ್ಬಿ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಅವನಿಗೆ ಆಗಲೇ ಮದುವೆಯಾಗಿ ಎರಡು ಮಕ್ಕಳಿದ್ದವು. ಇಲ್ಲದಿದ್ದರೆ ನನಗೆ ಗಂಡು ಹುಡುಕಿಕೊಂಡು ಕುಣಿಗಲ್ ತನಕ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಅಪ್ಪನಿಗೆ ಅಳತೆ ಗೊತ್ತು, ಕೆಮಿಸ್ಟ್ರಿ ಗೊತ್ತಿಲ್ಲ. ಮಾವನಿಗೆ ಕೆಮಿಸ್ಟ್ರಿ ಗೊತ್ತು, ಜೊತೆಗೆ ಭಾವನ ಮುಂದೆ ತನಗೆಷ್ಟು ಗೊತ್ತು ಅಂತ ತೋರಿಸಿಕೊಳ್ಳುವ ಆಸೆಯೂ ಇತ್ತು. ಇಬ್ಬರೂ ಸೇರಿದರೆ ನನ್ನ ಗತಿ ಏನು ಅಂತ ನಾನು ಹಾಸಿಗೆಯಲ್ಲಿ ಹೊರಳಿದೆ.

ಆ ಹತ್ತು ದಿನ ನಾನು ಏನು ಮಾಡಿದೆ ಅಂತ ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಕೆಮಿಸ್ಟ್ರಿ ಓದಿದೆ. ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚಾಗಿ ಓದಿದೆ. ಪೇಪರಿನಲ್ಲಿದ್ದ ಒಂದೊಂದು ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ನೀರಿನ ಗಡಸುತನ ಹೋಗಲಾಡಿಸುವ ವಿಧಾನಗಳನ್ನು ಹೇಳಿಕೊಂಡೆ. ಮಾವ ಏನೇ ಕೇಳಲಿ, ಪರೀಕ್ಷೆಯಲ್ಲಿ ಹೀಗೇ ಬರೆದೆ ಅಂತ ಪಟಪಟನೆ ಒಪ್ಪಿಸುವುದು, ಬರೆಯದೆ ಬಿಟ್ಟದ್ದನ್ನೂ ಬರೆದೆ ಅನ್ನುವುದು, ಇದು ನನ್ನ ಹೂಟ. ದೇವರ ಮುಂದೆ ನಿಂತು ಸುಳ್ಳು ಹೇಳುತ್ತೇನೆ ಅಂತ ಮುಂಚಿತವಾಗಿಯೇ ತಿಳಿಸಿ ತಪ್ಪು ಕಾಣಿಕೆಯನ್ನೂ ಹಾಕಿದೆ.

ಭಾನುವಾರ ಬೆಳಗಿನ ರೈಲಿಗೆ ಮಾವ ಬಂದಿಳಿದ. ಉಪ್ಪಿಟ್ಟು ಕಾಫಿ ಆಯಿತು. ಅಮ್ಮ ನಡುಮನೆಯ ಒಂದು ಮೂಲೆಯಲ್ಲಿ ಮಣೆ ಹಾಕಿಕೊಂಡು ಹಪ್ಪಳ ಲಟ್ಟಿಸುವುದಕ್ಕೆ ಕೂತಳು. ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಹಿಂದುಮುಂದು ಮಾಡಿ ಹಾಸಿ, ರೂಲುದೊಣ್ಣೆ ಇಟ್ಟು ಗೆರೆ ಎಳೆದರು. ಮೇಲುಗಡೆ ದಪ್ಪಕ್ಷರದಲ್ಲಿ "ಕೆಮಿಸ್ಟ್ರಿ ಕಾಮಗಾರಿ" ಅಂತ ಬರೆದು, ಕೆಳಗೆ ಒಂದೊಂದು ಪ್ರಶ್ನೆಗೆ ಒಂದೊಂದು ಬಾಬಿನ ಹಾಗೆ ಬಾಬು, ಗರಿಷ್ಠ, ಅಂದಾಜು ಅಂತ ಮೂರು ಕಾಲಂ ಮಾಡಿದರು. ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ನನ್ನನ್ನು ಎದುರಿಗೆ ಕೂರಿಸಿ ಪ್ರಶ್ನೆಪತ್ರಿಕೆ ಮಾವನ ಕೈಗೆ ಕೊಟ್ಟರು.

ಸಣ್ಣ ಪ್ರಶ್ನೆಗಳು ಹತ್ತು, ಅವಕ್ಕೆ ಇಪ್ಪತ್ತು ಮಾರ್ಕು ಇತ್ತು. ಹತ್ತೂ ಬರೆದೆ ಅಂದೆ. ಮಾವ ಒಂದೊಂದನ್ನೇ ಕೇಳಿದ, ನಾನು ಒಂದೊಂದನ್ನೇ ಒಪ್ಪಿಸಿದೆ. ಮಾವನ ಮುಖ ಅರಳಿತು. ಹದಿನೇಳು ಹಾಕಬಹುದು ಭಾವ ಅಂದ. ಆದರೆ ಅಪ್ಪನ ಕಣ್ಣು ಪ್ರಶ್ನೆಪತ್ರಿಕೆಯ ಅಂಚಿನ ಮೇಲಿತ್ತು. ನಾನು ಪರೀಕ್ಷೆಯಲ್ಲಿ ಬರೆದ ಪ್ರಶ್ನೆಗೆಲ್ಲ ಒಂದೊಂದು ಸಣ್ಣ ಟಿಕ್ ಹಾಕಿಕೊಂಡಿದ್ದೆ, ಚಾಳಿ. ಹತ್ತು ದಿನ ಉತ್ತರಗಳನ್ನೆಲ್ಲ ಉರು ಹೊಡೆದವಳಿಗೆ ಆ ಟಿಕ್ಕುಗಳನ್ನು ಉಜ್ಜಿ ಹಾಕಬೇಕು ಅಂತ ಹೊಳೆದಿರಲೇ ಇಲ್ಲ.

"ಇಲ್ಲಿ ಏಳೇ ಟಿಕ್ ಐತಲ್ಲೇ," ಅಂದರು ಅಪ್ಪ.

"ಟೈಮಿರ್ಲಿಲ್ಲ ಅಪ್ಪ, ಟಿಕ್ ಹಾಕೋಕೆ."

"ಬರೆಯೋಕೆ ಟೈಮಿತ್ತು, ಟಿಕ್ ಹಾಕೋಕಿರ್ಲಿಲ್ವಾ? ಏಳಕ್ಕೆ ಹದಿನಾಲ್ಕು. ಅದ್ರಲ್ಲಿ ಮೂರು ಕಳಿ. ಹನ್ನೊಂದು."

ಹನ್ನೊಂದು ಅಂತ ಬಿತ್ತು. ನನ್ನ ಹೂಟದ ಕಾಲು ಮುರಿಯಿತು. ಆಮೇಲೆ ಅಪ್ಪ ಟಿಕ್ಕು ನೋಡುವುದು, ಮಾವ ಕೆದಕುವುದು. ಗಂಧಕಾಮ್ಲಕ್ಕೆ ಹತ್ತಕ್ಕೆ ಎಂಟು, ಚಿತ್ರ ಇದ್ದದ್ದಕ್ಕೆ. ಅನಿಲದ ಲೆಕ್ಕಕ್ಕೆ ನಾಲ್ಕು. ಅಮೋನಿಯಕ್ಕೆ ಏಳು. ಗಡಸು ನೀರಿಗೆ ನಾನು ಹಿತ್ತಲಿನ ಪಾಠವನ್ನೆಲ್ಲ ಉರುಳಿಸಿದೆ. ಎಷ್ಟು ಪುಟ ಬರೆದೆ ಅಂತ ಅಪ್ಪ ಕೇಳಿದರು, ಒಂದೂವರೆ ಅಂದುಬಿಟ್ಟೆ, ಒಂದೂವರೆ ಪುಟದಲ್ಲಿ ಇಷ್ಟೆಲ್ಲ ಹಿಡಿಸಲ್ಲ ಅಂತ ಆರಕ್ಕೆ ಇಳಿಸಿದರು. ಕೊನೆಯ ಪ್ರಶ್ನೆಗೆ ಮೂರು.

ಪ್ರಾಕ್ಟಿಕಲ್ಲಿಗೆ ಬಂದೆವು. ಟೈಟ್ರೇಶನ್ನಿಗೆ ಹನ್ನೆರಡಕ್ಕೆ ಒಂಬತ್ತು ಕೊಟ್ಟರು. ಸಾಲ್ಟಿಗೂ ಹನ್ನೆರಡು.

"ಏನ್ ಸಾಲ್ಟು?" ಅಂದ ಮಾವ.

"ಅಮೋನಿಯಂ ಕ್ಲೋರೈಡು. ಸರಿಯಾಗಿ ಬರೆದೆ."

"ಅಮೋನಿಯ ಸರಿ. ಬೇರಿಯಂ ಕ್ಲೋರೈಡ್ ಹಾಕಿ ನೋಡಿದ್ಯಾ?"

ಪುಸ್ತಕದಲ್ಲಿದ್ದ ಪರೀಕ್ಷೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಒಂದನ್ನೂ ಬಿಡದೆ ಮಾಡಿದೆ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, "ಓ, ಹಾಕಿದೆ. ಬೆಳ್ಳಗೆ ಪ್ರೆಸಿಪಿಟೇಟ್ ಬಂತು. ಎಷ್ಟು ಬೆಳ್ಳಗೆ ಅಂತೀಯ ಮಾವ!" ಅಂದೆ.

ಮಾವ ಬಿದ್ದು ಬಿದ್ದು ನಕ್ಕ. ಬೆಳ್ಳಗೆ ಗಸಿ ಕಟ್ಟಿದರೆ ಅದು ಸಲ್ಫೇಟು, ಕ್ಲೋರೈಡಿಗೆ ಅಲ್ಲಿ ಏನೂ ಬರಬಾರದು. ನನ್ನ ಬಾಯಿಂದಲೇ ನನ್ನ ಉತ್ತರ ತಪ್ಪು ಅಂತ ಹೇಳಿದ್ದೆ. "ಭಾವ, ಇವಳೇ ಕಂಡುಹಿಡಿದು ಇವಳೇ ಬಚ್ಚಿಟ್ಟವ್ಳೆ," ಅಂತ ಕಣ್ಣು ಒರೆಸಿಕೊಂಡ. ಸಾಲ್ಟಿಗೆ ಐದು ಬಿತ್ತು. ರೆಕಾರ್ಡ್ ಪುಸ್ತಕಕ್ಕೆ ಆರಕ್ಕೆ ಐದು. ಬಾಬು ಬಾಬಿಗೂ ಮನಸ್ಸಿನಲ್ಲೇ ಕೂಡಿಕೊಳ್ಳೋಣ ಅಂದುಕೊಂಡವಳು ಹೆದರಿ ಯಾವಾಗಲೋ ಕೈಬಿಟ್ಟಿದ್ದೆ.

"ಓದ್ತೀನಿ, ಕೂಡೇ," ಅಂದರು ಅಪ್ಪ ಅಮ್ಮನ ಕಡೆ ತಿರುಗಿ.

"ಅಕ್ಕನೇ ಕೂಡ್ಲಿ," ಅಂದ ಮಾವ, ಕೂರಲು ಜಾಗ ಸರಿಮಾಡಿಕೊಳ್ಳುತ್ತಾ. "ನನ್ನ ಮನೆಲೆಕ್ಕಾನೆಲ್ಲ ಮಾಡ್ಕೊಡ್ತಿದ್ದೋಳೇ ಇವ್ಳು. ಮೇಷ್ಟ್ರು ನನ್ ಬೆನ್ ತಟ್ಟೋರು."

ಅಮ್ಮ ತಲೆಯೆತ್ತಲಿಲ್ಲ. ತಮ್ಮನ ಲೆಕ್ಕ ಮಾಡಿಕೊಟ್ಟವಳು ಏಳಕ್ಕೆ ನಿಂತಳು, ಬೆನ್ನು ತಟ್ಟಿಸಿಕೊಂಡವನು ಮೇಷ್ಟ್ರಾದ. ನನಗೆ ಆವತ್ತು ಇದು ತಟ್ಟಲೇ ಇಲ್ಲ, ನನ್ನದೇ ನನಗೆ ದೊಡ್ಡದಾಗಿತ್ತು. ಅಪ್ಪ ಅಂಕಿಗಳನ್ನು ಓದುತ್ತಾ ಹೋದರು. ಅಮ್ಮನ ಲಟ್ಟಣಿಗೆ ಒಂದು ಅಂಕಿಗೆ ಒಂದು ಸುತ್ತು ಅನ್ನುವ ಹಾಗೆ ತಿರುಗುತ್ತಿತ್ತು. ಒಂಬತ್ತು ಅಂಕಿಯೂ ಮುಗಿದ ಮೇಲೆ ಅವಳು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದಳು.

"ಅರವತ್ನಾಲ್ಕು," ಅಂದಳು.

ನಾನು ಕೂತಲ್ಲೇ ಒಂದು ಗೇಣು ಹಾರಿದೆ. ಅಪ್ಪ ಅರವತ್ನಾಲ್ಕು ಅಂತ ಬರೆದು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದರ ಬದಲು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದರು. ನನಗೆ ಅವರ ಆ ಭಂಗಿ ಗೊತ್ತಿತ್ತು.

"ಸಂದು ಕಳೀಬೇಕು," ಅಂದರು.

ಇದನ್ನು ಸ್ವಲ್ಪ ವಿವರಿಸಬೇಕು. ರಸ್ತೆಗೆ ಜಲ್ಲಿ ರಾಶಿ ಹಾಕಿಸಿದರೆ ಅದರ ಉದ್ದಗಲ ಎತ್ತರ ಅಳೆದು ಅಷ್ಟನ್ನೂ ಜಲ್ಲಿ ಅಂತ ಒಪ್ಪಿಕೊಳ್ಳುವುದಿಲ್ಲ. ಕಲ್ಲು ಕಲ್ಲಿನ ನಡುವೆ ಸಂದು ಇರುತ್ತದೆ, ಅದು ಬರೀ ಗಾಳಿ. ಅದಕ್ಕೆ ಇಷ್ಟು ಅಂತ ಕಳೆಯುತ್ತಾರೆ. ಅಪ್ಪನ ಪ್ರಕಾರ ನನ್ನ ಉತ್ತರಗಳಲ್ಲೂ ಸಂದು ಇತ್ತು. ದೊಡ್ಡಕ್ಷರ, ಸಾಲುಗಳ ನಡುವೆ ಜಾಗ, ಅಲ್ಲಲ್ಲಿ ಇಂಕಿನ ಚಿತ್ತು. ನೂರಕ್ಕೆ ಹತ್ತರ ಹಾಗೆ ಆರು ಕಳೆದರು. ಐವತ್ತೆಂಟು.

ಅಮ್ಮನ ಲಟ್ಟಣಿಗೆ ನಿಂತಿತು. ಮಾವ ಕೂಡ ನಗಲಿಲ್ಲ. ನನಗೆ ಕುಣಿಗಲ್ಲಿನ ಆ ದಪ್ಪ ಗೋಡೆಗಳು ಕಣ್ಣ ಮುಂದೆ ಬಂದವು, ನಾನು ಅವುಗಳೊಳಗೆ ಅಕ್ಕಿ ತೊಳೆಯುತ್ತಾ ಇದ್ದ ಹಾಗೆ. ಅಪ್ಪನೂ ಹಿಗ್ಗಿದ ಹಾಗೆ ಕಾಣಲಿಲ್ಲ. ಲೆಕ್ಕ ಲೆಕ್ಕವೇ ಅನ್ನುವವರ ಮುಖ ಅದು. ಕಾಗದ ಬರೆಯುವುದಕ್ಕೆ ಇನ್‌ಲ್ಯಾಂಡ್ ತಾ ಅಂದರು. ನಾನು ಏಳಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಆ ಸಿಟ್ಟಿನಲ್ಲಿಯೇ ಹೊಳೆಯಿತು.

"ಅಪ್ಪ, ಮೋರಿಗಾದ್ರೆ ಐದು ಪರ್ಸೆಂಟ್ ಸೇರಿಸ್ತೀರ. ನನಗ್ಯಾಕೆ ಸೇರ್ಸಲ್ಲ?"

"ಏನ್ ಐದು ಪರ್ಸೆಂಟು?"

"ಅದೇ, ಕಂಟಿಂಜೆನ್ಸಿ. ಕೊನೇಲಿ ಹಾಕ್ತೀರಲ್ಲ. ಮಳೆ ಬರಬಹುದು, ದಂಡೆ ಕುಸೀಬಹುದು, ಗೊತ್ತಿಲ್ಲದ್ದು ಏನೇನೋ ಆಗ್ಬಹುದು ಅಂತ. ಅದಿಲ್ದೆ ನಿಮ್ ಸಾಹೇಬ್ರು ಎಸ್ಟಿಮೇಟ್ ವಾಪಸ್ ಕಳಿಸ್ತಾರೆ ಅಂತ ನೀವೇ ಹೇಳ್ತೀರ."

"ಅದು ಖರ್ಚಿಗೆ ಕಣೇ."

"ಸಂದು ಜಲ್ಲಿಗಲ್ವಾ?"

ಮಾವ ತೊಡೆ ತಟ್ಟಿಕೊಂಡ. "ಸಿಕ್ಕಾಕ್ಕೊಂಡ್ರಿ ಭಾವ! ಸಂದು ಕಳೆದ ಮೇಲೆ ಕಂಟಿಂಜೆನ್ಸಿ ಸೇರಿಸ್ಲೇಬೇಕು. ಒಂದು ಇಟ್ಕೊಂಡು ಇನ್ನೊಂದು ಬಿಡೋಕಾಗಲ್ಲ."

ಅಪ್ಪ ಕ್ಯಾಲೆಂಡರಿನ ಹಾಳೆಯನ್ನೇ ದಿಟ್ಟಿಸಿದರು. ಬೇರೆ ಯಾರಾದರೂ ಆಗಿದ್ದರೆ ಬಾಯಿಮುಚ್ಚು ಅಂತ ಗದರಿ ಮುಗಿಸುತ್ತಿದ್ದರು. ಆದರೆ ಅಪ್ಪನಿಗೆ ಪದ್ಧತಿಯಲ್ಲಿ ಒಂದು ಬಾಬು ಬಿಟ್ಟುಹೋಗುವುದು ಅಂದರೆ ಜುಟ್ಟು ಕಟ್ಟದೆ ಪೂಜೆಗೆ ಕೂತ ಹಾಗೆ. ಗೊಣಗಿಕೊಂಡು ಐವತ್ತೆಂಟಕ್ಕೆ ಐದು ಪರ್ಸೆಂಟು ಲೆಕ್ಕ ಹಾಕಿದರು, ಮೂರು ಬಂತು. ಒಟ್ಟು ಅರವತ್ತೊಂದು. ಕೆಳಗೆ ಎರಡು ಗೆರೆ ಎಳೆದು, "ಇವಳನ್ನ ಕುಣಿಗಲ್ಲಿಗೆ ಕೊಟ್ಟಿದ್ರೆ ಆ ಹುಡುಗನ ಗತಿ ಏನಾಗ್ತಿತ್ತೋ" ಅಂದರು. ಅವತ್ತು ಮಧ್ಯಾಹ್ನವೇ ಕಾಗದ ಹೋಯಿತು. ಹುಡುಗಿ ಓದು ಮುಂದುವರಿಸುವ ಅಂದಾಜು ಇರುವುದರಿಂದ ದಯಮಾಡಿ ಅನ್ಯಥಾ ಭಾವಿಸಬಾರದು ಅಂತ.

ಮುಂದಿನ ಎರಡು ತಿಂಗಳು ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ಬೇವಿನ ಮರದ ಗೆಳತಿಯರಿಗೆಲ್ಲ ಮನೆಮನೆಗೆ ಹೋಗಿ ಈ ಕಥೆ ಹೇಳಿದೆ. ಓವರ್ಸಿಯರನ್ನು ಅವರದೇ ರೂಲಿನಲ್ಲಿ ಕಟ್ಟಿಹಾಕಿದವಳು ನಾನು. ಹೇಳುವಾಗೆಲ್ಲ ಅಮ್ಮನನ್ನು ಮೂಲೆಯಲ್ಲಿ ಹಪ್ಪಳ ಲಟ್ಟಿಸುತ್ತಾ ಕೂರಿಸಿ ಮುಂದೆ ಹೋಗುತ್ತಿದ್ದೆ. ಕುಣಿಗಲ್ಲಿನವರು ಬೇಜಾರು ಮಾಡಿಕೊಳ್ಳಲಿಲ್ಲ, ವೈಶಾಖದಲ್ಲಿ ಬೇರೆ ಕಡೆ ಹೆಣ್ಣು ತಂದುಕೊಂಡರು. ಅಪ್ಪ ಆ ಮದುವೆಯಲ್ಲಿ ಉಂಡು ಬಂದು, ಎಲೆ ಎಷ್ಟು ಬಿದ್ದವು ಅಂತ ವರದಿಯನ್ನೂ ಒಪ್ಪಿಸಿದರು.

ಜೂನಿನಲ್ಲಿ ರಿಸಲ್ಟು ಬಂತು. ಪೇಪರಿನಲ್ಲಿ ನಂಬರು ಇತ್ತು, ಪಾಸಾಗಿದ್ದೆ. ಕೆಲವು ದಿನ ಬಿಟ್ಟು ಕಾಲೇಜಿನಿಂದ ಮಾರ್ಕ್ಸ್ ಕಾರ್ಡು ತಂದೆ. ದಾರಿಯುದ್ದಕ್ಕೂ ಅದನ್ನು ತೆರೆದು ತೆರೆದು ನೋಡಿದೆ, ಎಷ್ಟು ಸಲ ನೋಡಿದರೂ ಅಂಕಿ ಬದಲಾಗಲಿಲ್ಲ. ಕೆಮಿಸ್ಟ್ರಿ ಐವತ್ನಾಲ್ಕು.

ಅವತ್ತು ಶನಿವಾರ, ಅಪ್ಪ ಸಂಜೆ ಬಸ್ಸಿಗೆ ಬಂದಿದ್ದರು. ಅಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಕಾರ್ಡು ಅಪ್ಪನ ಕೈಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತೆ. ಬಿ.ಎಸ್ಸಿ. ಕಥೆ ಮುಗಿಯಿತು ಅಂತ ನನಗೆ ಖಾತ್ರಿಯಾಗಿತ್ತು. ಕುಣಿಗಲ್ಲು ತಪ್ಪಿದರೇನು, ಕರಾರು ಕರಾರೇ. ಗಂಡು ತುರುವೇಕೆರೆಯಲ್ಲೂ ಸಿಗುತ್ತಾನೆ, ಶಿರಾದಲ್ಲೂ ಸಿಗುತ್ತಾನೆ. ಅಪ್ಪ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಅವರ ಮುಖದಲ್ಲಿ ಇದ್ದದ್ದು ನನ್ನ ಚಿಂತೆಯೇ ಅಲ್ಲ.

"ಏಳು ಮಾರ್ಕು," ಅಂದರು. "ನನ್ನ ಎಸ್ಟಿಮೇಟ್ ಏಳು ಮಾರ್ಕು ತಪ್ಪೋದು ಅಂದ್ರೇನು?"

ಎದ್ದು ಹೋಗಿ ಗೂಡಿನಲ್ಲಿದ್ದ ಫೈಲು ಹುಡುಕತೊಡಗಿದರು.

"ಆಗಿದ್ದಾಯ್ತು, ಈಗ್ಯಾಕೆ ಅದು? ಒಲೆಗೆ ಹಾಕಿರ್ಬೇಕು ನಾನು," ಅಂದಳು ಅಮ್ಮ, ಈಳಿಗೆಮಣೆಯಿಂದ ಕಣ್ಣು ತೆಗೆಯದೆ.

"ಕಾಗದ ಯಾಕೆ ಒಲೆಗೆ ಹೋಗುತ್ತೆ? ನಾನು ಫೈಲ್ ಮಾಡಿದೀನಿ."

ಕ್ಯಾಲೆಂಡರಿನ ಹಾಳೆ ಬಂತು. ಅಪ್ಪ ನೆಲದ ಮೇಲೆ ಹಾಸಿ, ಯಾವ ಬಾಬಿನಲ್ಲಿ ಸೋರಿದೆ ಅಂತ ಒಂದೊಂದರ ಮೇಲೂ ಬೆರಳಿಟ್ಟರು. ಎಲ್ಲೂ ತಪ್ಪು ಕಾಣಲಿಲ್ಲ. ಆಮೇಲೆ, ನಾನು ಹುಟ್ಟಿದಾಗಿನಿಂದ ಅವರು ಮಾಡದ ಒಂದು ಕೆಲಸ ಮಾಡಿದರು. ಪೆನ್ಸಿಲ್ಲು ಹಿಡಿದುಕೊಂಡು, ನಮ್ಮನ್ನೆಲ್ಲ ಸುಮ್ಮನಿರಿ ಅಂತ ಕೈ ಮಾಡಿ, ತಾವೇ ಕೂಡಿದರು.

"ಹನ್ನೊಂದು, ಎಂಟು, ಹತ್ತೊಂಬತ್ತು. ನಾಲ್ಕು, ಇಪ್ಪತ್ಮೂರು. ಏಳು, ಮೂವತ್ತು. ಆರು, ಮೂವತ್ತಾರು. ಮೂರು, ಮೂವತ್ತೊಂಬತ್ತು. ಒಂಬತ್ತು, ನಲವತ್ತೆಂಟು. ಐದು, ಐವತ್ಮೂರು. ಐದು, ಐವತ್ತೆಂಟು."

ಇನ್ನೊಮ್ಮೆ ಕೂಡಿದರು. ಮತ್ತೂ ಐವತ್ತೆಂಟೇ. ಅದರಲ್ಲಿ ಸಂದಿಗೆ ಆರು ಕಳೆದು, ಕಂಟಿಂಜೆನ್ಸಿ ಮೂರು ಸೇರಿಸಿ, ಪಕ್ಕದಲ್ಲಿ ಐವತ್ತೈದು ಅಂತ ಬರೆದರು. ಬಂದದ್ದು ಐವತ್ನಾಲ್ಕು. ಅವರ ಎಸ್ಟಿಮೇಟು ಒಂದೇ ಒಂದು ಮಾರ್ಕು ತಪ್ಪಿತ್ತು. ಒಂದು ಕ್ಷಣ ಅವರ ಮುಖ ಸಿ.ಎಸ್. ಪುರದ ಮೋರಿಯ ಕಥೆ ಹೇಳುವಾಗಿನಂತೆ ಬೆಳಗಿತು. ಮರುಕ್ಷಣ ಅವರ ಕಣ್ಣು ಮೇಲೆ ಬರೆದಿದ್ದ ಅರವತ್ನಾಲ್ಕರ ಮೇಲೆ ಬಿತ್ತು. ಅದು ಯಾರ ಮಾತು ಕೇಳಿ ಬರೆದದ್ದು ಅಂತ ಅವರಿಗೂ ನನಗೂ ಒಟ್ಟಿಗೇ ನೆನಪಾಯಿತು.

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳು ಊರೆಲ್ಲ ಮೆರೆದ ನನ್ನ ಜಾಣತನ ಬರೀ ಮೂರು ಮಾರ್ಕಿನದು, ಅಮ್ಮನದು ಆರು. ಅದರ ಹಿಂದೆಯೇ ನಾಚಿಕೆ ಬಂತು. ಅಪ್ಪ ಸಂದು ಕಳೆದಾಗ ಲಟ್ಟಣಿಗೆ ಯಾಕೆ ನಿಂತಿತ್ತು ಅಂತ ಆಗ ಗೊತ್ತಾಯಿತು. ಅವಳೊಬ್ಬಳೇ ಆರು ಮಾರ್ಕಿನ ಸುಳ್ಳನ್ನು ಎದೆಯಲ್ಲಿಟ್ಟುಕೊಂಡು, ಅದೂ ಸಾಲದೇ ಹೋಯಿತಲ್ಲ ಅಂತ ಅಲ್ಲಿ ಕೂತಿದ್ದಳು. ನನಗೆ ಅಲ್ಲಿಯೇ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

"ಏನೇ ಇದು?" ಅಂದರು ಅಪ್ಪ. ಗದರಿಕೆಯಲ್ಲ, ಇಪ್ಪತ್ತು ವರ್ಷ ನಂಬಿದ ಗೋಡೆಯಲ್ಲಿ ಬಿರುಕು ಕಂಡವರ ದನಿ.

ಅಮ್ಮ ಈಳಿಗೆಗೆ ಇನ್ನೊಂದು ಮಾವಿನಕಾಯಿ ಕೊಟ್ಟು ಎರಡು ಹೋಳು ಮಾಡಿದಳು. ಕೈಗೆ ಹತ್ತಿದ ಸೊನೆಯನ್ನು ಸೆರಗಿಗೆ ಒರೆಸಿಕೊಂಡಳು. ನಿಧಾನವಾಗಿ ಅಪ್ಪನ ಕಡೆ ನೋಡಿದಳು.

"ಇಷ್ಟು ವರ್ಷ ಕೂಡಿ ಕೊಟ್ಟಿದೀನಲ್ಲ, ಒಂದು ದಿನ ಆದ್ರೂ ತಪ್ಪಿದೀನಾ?"

"ಇಲ್ಲ," ಅಂದರು ಅಪ್ಪ.

"ಅವತ್ತೂ ತಪ್ಪಿಲ್ಲ."

ಅಪ್ಪ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಕೆಂಪು ಪೆನ್ಸಿಲ್ಲು ತೆಗೆದು, ತಾವು ಆಗಷ್ಟೇ ಬರೆದಿದ್ದ ಐವತ್ತೈದನ್ನು ಹೊಡೆದುಹಾಕಿದರು. ಹಳೆಯ ಅರವತ್ತೊಂದರ ಕೆಳಗೆ ಸಾಹೇಬರು ಮಾಡುವ ಹಾಗೆ ಸರಿಯಿದೆ ಅಂತ ಬರೆದು ಸಹಿ ಮಾಡಿ, ಬಿ.ಎಸ್ಸಿ. ಅರ್ಜಿ ಎಲ್ಲಿ ಕೊಡ್ತಾರೆ ಅಂತ ನನ್ನನ್ನು ಕೇಳಿದರು.